ನೂರಿಪ್ಪತ್ತು ಬೆಂಚುಗಳು

ಮರಗೆಲಸದ ಮೇಸ್ತ್ರಿಗಳು ಒಂದು ತಿಂಗಳು ಹಟ ಹಿಡಿದು ಮಗಳನ್ನು ದಿಬ್ಬದ ಕಾಲೇಜಿಗೆ ಸೇರಿಸಿದ್ದು ಒಂದು ಸೋಮವಾರ ಬೆಳಿಗ್ಗೆ ಹತ್ತೂವರೆಗೆ. ಸೇರಿಸಬಾರದಿತ್ತು ಎಂದು ಅವರಿಗೆ ಅನ್ನಿಸಿದ್ದು ಅದೇ ಸೋಮವಾರ ಹತ್ತು ಐವತ್ತಕ್ಕೆ. ಈ ಇಪ್ಪತ್ತು ನಿಮಿಷದಲ್ಲಿ ಕಾಲೇಜು ಏನೂ ಬದಲಾಗಿರಲಿಲ್ಲ. ಮೇಸ್ತ್ರಿಗಳು ಒಂದು ಕಿಟಕಿಯಲ್ಲಿ ಇಣುಕಿದ್ದರು, ಅಷ್ಟೆ.

ಆ ಒಂದು ತಿಂಗಳ ಜಗಳ ಬೀದಿಗೆಲ್ಲ ಕೇಳಿಸಿತ್ತು. ಮಗಳಿಗೆ ಸ್ಟೇಷನ್ ಪಕ್ಕದ ಕಾಲೇಜು ಬೇಕಿತ್ತು; ಗೆಳತಿಯರೆಲ್ಲ ಅಲ್ಲಿಗೇ ಹೊರಟಿದ್ದರು. ಮೇಸ್ತ್ರಿಗಳು ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

"ಅಲ್ಲಿ ರೈಲು ಕೂಗೋದೇ ಪಾಠ. ಕಾಲೇಜು ಅಂದ್ರೆ ದಿಬ್ಬದ ಕಾಲೇಜು. ಅಲ್ಲಿ ಓದಿದೋರು ಡಾಕ್ಟರಾಗಿದ್ದಾರೆ, ಜಡ್ಜಾಗಿದ್ದಾರೆ. ಅವರೆಲ್ಲ ಕೂತಿದ್ದು ಯಾರ ಬೆಂಚಿನ ಮೇಲೆ?"

"ನಿಮ್ಮ ಬೆಂಚಿನ ಮೇಲೆ," ಎಂದು ಹೆಂಡತಿ ಒಲೆಯ ಮುಂದಿನಿಂದ ತಿರುಗದೆಯೇ ಹೇಳುತ್ತಿದ್ದಳು. ಹದಿನೈದು ವರ್ಷದಿಂದ ಇದೇ ಪ್ರಶ್ನೆಗೆ ಇದೇ ಉತ್ತರ ಕೊಟ್ಟು ಅವಳಿಗೆ ಬಾಯಿಪಾಠವಾಗಿತ್ತು. ಮೇಸ್ತ್ರಿಗಳ ಅಂಗಡಿಯ ಬೋರ್ಡಿನ ಮೇಲೂ ಅದೇ ಬರೆದಿತ್ತು: ದಿಬ್ಬದ ಕಾಲೇಜಿಗೆ ನೂರಿಪ್ಪತ್ತು ಬೆಂಚು ಮಾಡಿಕೊಟ್ಟವರು. ಅಂಗಡಿಗೆ ಏನು ಹೆಸರಿಟ್ಟಿದ್ದರೋ, ಅದು ಈ ಸಾಲಿನ ಕೆಳಗೆ ಸಣ್ಣ ಅಕ್ಷರದಲ್ಲಿ ಇದ್ದು ಅಳಿಸಿಹೋಗಿತ್ತು.

ಕೊನೆಗೆ ಮಗಳು, ಒಂದು ಸಲ ನೋಡಿಯಾದರೂ ಬರೋಣ ಎಂದು ದಿಬ್ಬ ಹತ್ತಿದಳು. ಅಲ್ಲಿನ ಪ್ರಯೋಗಶಾಲೆಯಲ್ಲಿ ಯಾರೋ ಅವಳಿಗೆ ಸೂಕ್ಷ್ಮದರ್ಶಕದಲ್ಲಿ ಈರುಳ್ಳಿಯ ಸಿಪ್ಪೆ ತೋರಿಸಿದರು. ಇಟ್ಟಿಗೆ ಗೋಡೆ ಕಟ್ಟಿದ ಹಾಗೆ ಸಾಲುಸಾಲಾಗಿ ಕಂಡಿತಂತೆ. ಅವತ್ತಿನಿಂದ ಅವಳು ಸ್ಟೇಷನ್ ಕಾಲೇಜಿನ ಹೆಸರೆತ್ತಲಿಲ್ಲ. ಅಡುಗೆಮನೆಯಲ್ಲಿ ಒಂದೊಂದು ಈರುಳ್ಳಿಯನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಹೆಂಡತಿ, "ಹೆಚ್ಚಿಕೊಡು ಅಂದ್ರೆ ಓದ್ತಾ ಕೂತಿದ್ದಾಳೆ" ಎಂದು ಗೊಣಗಿದರೂ ಒಳಗೊಳಗೇ ಖುಷಿಯಾಗಿದ್ದಳು.

ಹೀಗೆ ಎಲ್ಲರೂ ಒಂದು ದಾರಿಗೆ ಬಂದ ಮೇಲೆ, ಶುಲ್ಕ ಕಟ್ಟುವ ಸಾಲಿನಿಂದ ಹೊರಬಂದ ಮೇಸ್ತ್ರಿಗಳು ಏಳನೇ ನಂಬರಿನ ಕೋಣೆಯ ಕಿಟಕಿಯಲ್ಲಿ ಸುಮ್ಮನೆ ಇಣುಕಿದರು. ತಾವು ಮಾಡಿದ ಬೆಂಚುಗಳನ್ನು ಕಣ್ತುಂಬ ನೋಡುವ ಆಸೆ. ಮುಂದಿನ ಸಾಲಿನ ಬೆಂಚಿನ ಪಕ್ಕದಲ್ಲಿ ಒಂದು ಮೊಳೆಯ ತಲೆ ಮಿಣ್ಣಗೆ ಹೊಳೆಯಿತು. ಮೇಸ್ತ್ರಿಗಳ ಎದೆ ಧಸಕ್ಕೆಂದಿತು.

ಇಲ್ಲಿ ಒಂದು ಗುಟ್ಟು ಹೇಳಬೇಕು. ಮೇಸ್ತ್ರಿಗಳು ಅದನ್ನು ಹದಿನೈದು ವರ್ಷ ಹೆಂಡತಿಗೂ ಹೇಳಿರಲಿಲ್ಲ. ಆಗ ಅವರು ಹೊಸದಾಗಿ ಅಂಗಡಿ ತೆರೆದಿದ್ದರು. ನೂರಿಪ್ಪತ್ತು ಬೆಂಚನ್ನು ಇಪ್ಪತ್ತು ದಿನದಲ್ಲಿ ಮಾಡಿಕೊಡ್ತೀನಿ ಎಂದು ಎದೆ ತಟ್ಟಿ ಒಪ್ಪಿಕೊಂಡಿದ್ದರು. ಎಂಬತ್ತು ಬೆಂಚನ್ನು ಶಾಸ್ತ್ರೋಕ್ತವಾಗಿಯೇ ಮಾಡಿದರು. ಒಂದು ಮರಕ್ಕೆ ತೂತು ಕೊರೆದು, ಇನ್ನೊಂದು ಮರದ ನಾಲಿಗೆಯನ್ನು ಅದರೊಳಗೆ ಕೂರಿಸಿ, ಮೊಳೆಯ ಹಂಗಿಲ್ಲದೆ ಬಿಗಿಯುವ ಕೂಡುಗೆಲಸ. ಅಷ್ಟು ಹೊತ್ತಿಗೆ ಹದಿನೆಂಟು ದಿನ ಆಗಿಹೋಗಿತ್ತು. ಉಳಿದ ನಲವತ್ತಕ್ಕೆ ಎರಡೇ ದಿನ. ಮೇಸ್ತ್ರಿಗಳು ಕಣ್ಣು ಮುಚ್ಚಿಕೊಂಡು ಮೊಳೆ ಹೊಡೆದರು. ಸಂದು ಬಿಟ್ಟ ಕಡೆ ಮರದ ಪುಡಿಗೆ ಅಂಟು ಕಲಸಿ ಮೆತ್ತಿದರು. ಮೇಲೆ ಎರಡು ಕೈ ಪಾಲಿಷ್ ಹೊಡೆದರು. ಏಳನೇ ಕೋಣೆಯ ತುಂಬ ಕೂತಿದ್ದವು ಆ ನಲವತ್ತೇ. ಎಂಬತ್ತು ಒಳ್ಳೆಯವು ಮೇಲಿನ ಮಹಡಿಯಲ್ಲಿರಬೇಕು ಎಂದುಕೊಂಡರು. ಏಳನೇ ಕೋಣೆಯ ಬಾಗಿಲ ಮೇಲೆ ಮಾತ್ರ ಹೊಸ ಚೀಟಿ ಅಂಟಿಸಿದ್ದರು: ಮೊದಲ ವರ್ಷ, ವಿಜ್ಞಾನ.

ಮಗಳ ತರಗತಿ!

ಮೇಸ್ತ್ರಿಗಳು ಕಣ್ಣು ಮುಚ್ಚಿ ಮುಖ ಮೇಲೆತ್ತಿ ಒಂದು ದೀರ್ಘ ಉಸಿರು ಬಿಟ್ಟರು. ಕಣ್ಣು ಬಿಟ್ಟಾಗ ಎದುರಿಗಿದ್ದದ್ದು ಛಾವಣಿ. ಅದನ್ನೇ ನೋಡುತ್ತ ಒಂದು ನಿಮಿಷ ಹಾಗೇ ನಿಂತರು. ಮುಖದ ಮೇಲೆ ರಕ್ತದ ಸುಳಿವೇ ಇರಲಿಲ್ಲ. ಸಾಲಿನಲ್ಲಿ ಹಿಂದೆ ನಿಂತಿದ್ದ ಬೇಕರಿಯವರು ಇದನ್ನು ನೋಡಿದರು. ಮೇಸ್ತ್ರಿಗಳನ್ನು ನೋಡಿದರು, ಛಾವಣಿಯನ್ನು ನೋಡಿದರು, ತಮ್ಮ ಮಗನ ತೋಳು ಹಿಡಿದು ಎರಡು ಹೆಜ್ಜೆ ಪಕ್ಕಕ್ಕೆ ಎಳೆದುಕೊಂಡರು.

ಮನೆಗೆ ಬಂದ ಮೇಸ್ತ್ರಿಗಳಿಗೆ ಕೂತರೆ ನಿಲ್ಲಬೇಕು, ನಿಂತರೆ ನಡೆಯಬೇಕು ಅನ್ನಿಸತೊಡಗಿತು. ಮಂಗಳವಾರ ಯಾರೋ ಒಂದು ಬಾಗಿಲು ತಂದು, ಚೌಕಟ್ಟಿಗೆ ಸ್ವಲ್ಪ ತಾಗುತ್ತೆ, ಒಂದು ಎಳೆ ಉಜ್ಜಿಕೊಡಿ ಎಂದು ಕೊಟ್ಟು ಹೋದರು. ಮೇಸ್ತ್ರಿಗಳು ಉಜ್ಜುಗೊರಡು ಹಿಡಿದು ಉಜ್ಜಿಯೇ ಉಜ್ಜಿದರು. ಸಂಜೆ ಬಾಗಿಲಿನವರು ಬಂದಾಗ ಅದು ನಾಲ್ಕು ಬೆರಳು ಸಣ್ಣದಾಗಿತ್ತು. "ಮೇಸ್ತ್ರಿಗಳೇ, ಈಗ ಇದನ್ನ ಹಾಕಿದ್ರೆ ಬೆಕ್ಕು ಬಾಗಿಲು ತೆಗೀದೇ ಓಡಾಡುತ್ತೆ" ಎಂದು ಅವರು ಅಳುವ ದನಿಯಲ್ಲಿ ಹೇಳಿದರು. ಮೇಸ್ತ್ರಿಗಳು, "ಗಾಳಿ ಬೆಳಕು ಬೇಕಲ್ವಾ" ಎಂದರು.

ಅವತ್ತು ಊಟದ ಹೊತ್ತಿಗೆ ಅವರು ಬಾಂಬು ಹಾಕಿದರು.

"ನಾನು ಯೋಚನೆ ಮಾಡಿದೆ. ಸ್ಟೇಷನ್ ಕಾಲೇಜೇ ಒಳ್ಳೇದು."

ಮಗಳ ಕೈಯಲ್ಲಿದ್ದ ತುತ್ತು ಕೈಯಲ್ಲೇ ನಿಂತಿತು. "ಅಪ್ಪಾ, ಒಂದು ತಿಂಗಳು ದಿಬ್ಬದ ಕಾಲೇಜು ಅಂತ ಪ್ರಾಣ ತೆಗೆದೋನು ನೀನೇ ತಾನೇ?"

"ಆವಾಗ ಗೊತ್ತಿರ್ಲಿಲ್ಲ."

"ಏನು ಗೊತ್ತಿರ್ಲಿಲ್ಲ?"

"ಅದನ್ನ ಕೇಳ್ಬೇಡ."

"ಅಲ್ಲಿ ರೈಲು ಕೂಗೋದೇ ಪಾಠ ಅಂದ್ರಲ್ಲ?" ಎಂದು ಹೆಂಡತಿ ಕೇಳಿದಳು.

"ರೈಲಿನ ಸದ್ದಿಗೆ ಮಕ್ಕಳು ನಿದ್ದೆ ಮಾಡಲ್ಲ. ಅದೂ ಒಂದು ಅನುಕೂಲ."

ಮಗಳು ತಟ್ಟೆ ಬಿಟ್ಟು ಎದ್ದುಹೋದಳು. ಮೇಸ್ತ್ರಿಗಳು ಅವಳ ತಟ್ಟೆಗೊಂದು ಮುಚ್ಚಳ ಮುಚ್ಚಿದರು.

ಮೇಸ್ತ್ರಿಗಳ ಬಾಮೈದ ನೀರು ಸರಬರಾಜು ಕಚೇರಿಯಲ್ಲಿ ಕಿಟಕಿಯ ಹಿಂದೆ ಕೂರುವ ಗುಮಾಸ್ತ. ನೀರಿನ ಬಿಲ್ಲಿನ ಜೊತೆ ಊರಿನ ಸುದ್ದಿಯನ್ನೂ ಅದೇ ಕಿಟಕಿಯಿಂದ ವಿತರಿಸುವುದು ಅವನ ಸೇವೆ. ಅಕ್ಕ ಅತ್ತುಕೊಂಡು ಹೇಳಿದ್ದನ್ನು ಕೇಳಿ ಬುಧವಾರ ಬೆಳಿಗ್ಗೆಯೇ ಅಂಗಡಿಗೆ ಬಂದ. ಬರುವ ದಾರಿಯಲ್ಲಿ ಬೇಕರಿಯವರು ಸಿಕ್ಕಿ ಛಾವಣಿಯ ವಿಷಯ ಹೇಳಿಯಾಗಿತ್ತು.

"ಭಾವ, ನನ್ ಹತ್ರ ಮುಚ್ಚಿಡ್ಬೇಡಿ. ಛಾವಣಿ ತಾನೇ?"

ಮೇಸ್ತ್ರಿಗಳಿಗೆ ತಲೆಬುಡ ಅರ್ಥವಾಗಲಿಲ್ಲ. ಬೆಂಚು ಎಂಬ ಮಾತು ಅವನ ಬಾಯಿಂದ ಬರಲಿಲ್ಲವಲ್ಲ ಎಂಬ ಸಮಾಧಾನದಲ್ಲಿ, "ಛಾವಣಿ ಬಗ್ಗೆ ನಾನೇನೂ ಹೇಳಲ್ಲಪ್ಪ" ಎಂದರು.

"ಸಾಕು. ಇಷ್ಟು ಸಾಕು ಭಾವ," ಎಂದು ಬಾಮೈದ ಅವರ ಕೈ ಅದುಮಿ ಹೊರಟುಹೋದ.

ಮಧ್ಯಾಹ್ನದ ಹೊತ್ತಿಗೆ ಊರಲ್ಲಿ ದಿಬ್ಬದ ಕಾಲೇಜಿನ ಛಾವಣಿ ಬಿರುಕು ಬಿಟ್ಟಿತ್ತು. ಸಂಜೆ ಹೊತ್ತಿಗೆ ಒಂದು ತೊಲೆ ಜಾರಿತ್ತು. ನೀರಿನ ಬಿಲ್ಲು ಕಟ್ಟಲು ಕೊನೆಯಲ್ಲಿ ಬಂದವರಿಗೆ, ಕಾಲೇಜಿನವರು ಛಾವಣಿಯನ್ನು ಹಗ್ಗ ಕಟ್ಟಿ ನಿಲ್ಲಿಸಿದ್ದಾರೆ ಎಂಬ ಸುದ್ದಿ ರಸೀದಿಯ ಜೊತೆ ಸಿಕ್ಕಿತು. ಇದಕ್ಕೆಲ್ಲ ಆಧಾರ ಒಂದೇ: ಆ ಕಾಲೇಜಿಗೆ ಕೈಯಾರೆ ಕೆಲಸ ಮಾಡಿದ ಮೇಸ್ತ್ರಿಯೇ ಮಗಳನ್ನು ಬಿಡಿಸುತ್ತಿದ್ದಾನೆ ಅಂದ ಮೇಲೆ ಇನ್ನೇನು ಬೇಕು?

ಗುರುವಾರ ಮೇಸ್ತ್ರಿಗಳು ಅರ್ಜಿ ಹಿಡಿದು ದಿಬ್ಬ ಹತ್ತಿದರು. ಕಾಲೇಜಿನ ಗುಮಾಸ್ತರು ಕನ್ನಡಕವನ್ನು ಹಣೆಗೆ ಏರಿಸಿ ಅರ್ಜಿಯನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಕಾರಣ ಅನ್ನೋ ಕಡೆ ಖಾಲಿ ಬಿಟ್ಟಿದ್ದೀರಿ."

"ಸ್ವಂತ ಕಾರಣ ಅಂತ ಬರ್ಕೊಳ್ಳಿ."

"ಸ್ವಂತ ಕಾರಣ ಹೋದ ವರ್ಷಕ್ಕೇ ನಿಂತುಹೋಯ್ತು. ಬೇರೆ ಹೇಳಿ."

"ಹವಾ ಒಗ್ಗಲ್ಲ."

"ಮನೆ ಎಲ್ಲಿ?"

"ದಿಬ್ಬದ ಕೆಳಗೆ. ಕಾಲು ಗಂಟೆ ದಾರಿ."

"ಕಾಲು ಗಂಟೆಲಿ ಹವಾ ಬದಲಾಗುತ್ತಾ?"

"ದೂರ ಆಗುತ್ತೆ ಅಂತ ಬರೀರಿ ಹಾಗಾದ್ರೆ."

"ಕಾಲು ಗಂಟೆ ಅಂತ ನೀವೇ ಈಗ ಅಂದ್ರಿ." ಗುಮಾಸ್ತರು ಅರ್ಜಿಯನ್ನು ಒಂದು ಕಟ್ಟಿನ ಮೇಲಿಟ್ಟರು. ಆ ಕಟ್ಟಿನಲ್ಲಿ ಆಗಲೇ ಹದಿನೆಂಟು ಅರ್ಜಿಗಳಿದ್ದವು; ಎಲ್ಲದರಲ್ಲೂ 'ಛಾವಣಿ' ಎಂದು ಬರೆದಿತ್ತು. "ನೋಡಿ, ಶನಿವಾರ ಐದು ಗಂಟೆಗೆ ಬಿಟ್ಟೋರ ಸೀಟೆಲ್ಲ ಕಾಯೋ ಪಟ್ಟಿಯವರಿಗೆ ಹೋಗುತ್ತೆ. ವಾಪಸ್ ತಗೋಬೇಕಾದ್ರೂ ಅಷ್ಟರೊಳಗೆ ಬರ್ಬೇಕು, ಅದಕ್ಕೂ ಕಾರಣ ಬರೀಬೇಕು. ಸರಿಯಾದ ಕಾರಣ."

ಶುಕ್ರವಾರ ಮೇಸ್ತ್ರಿಗಳು ಸ್ಟೇಷನ್ ಕಾಲೇಜಿಗೆ ಹೋದರು. ಅಲ್ಲಿಯವರು ಸೀಟು ಬುಧವಾರವೇ ಭರ್ತಿ ಎಂದರು. ರೈಲು ಕೂಗಿದ್ದರಿಂದ ಮೇಸ್ತ್ರಿಗಳು ಎರಡು ಸಲ ಕೇಳಿಸಿಕೊಂಡರು. ಎರಡು ಸಲವೂ ಭರ್ತಿಯೇ.

ಈಗ ಮೇಸ್ತ್ರಿಗಳಿಗೆ ನಿಜವಾಗಿಯೂ ಕಾಲ ಕೆಳಗಿನ ನೆಲ ಕುಸಿಯಿತು. ಆ ಕಾಲೇಜೂ ಇಲ್ಲ, ಈ ಕಾಲೇಜೂ ಇಲ್ಲ. ಹುಡುಗಿ ಒಂದು ವರ್ಷ ಮನೆಯಲ್ಲಿ ಈರುಳ್ಳಿ ಹೆಚ್ಚಿಕೊಂಡು ಇರಬೇಕು. ಅರ್ಜಿ ವಾಪಸ್ ತೆಗೆದುಕೊಳ್ಳೋಣವೆಂದರೆ ಕಾರಣ ಬರೆಯಬೇಕು. ಕಾರಣ ಬರೆದರೆ ಬೋರ್ಡು ಇಳಿಸಬೇಕು. ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಅವರು ಅವತ್ತು ಹನ್ನೊಂದು ಸಲ ಓಡಾಡಿದರು. ಪ್ರತಿ ಸಲವೂ ಅರ್ಧ ದಾರಿಯಲ್ಲಿ ನಿಂತು, ಎಲ್ಲಿಗೆ ಹೊರಟಿದ್ದೆ ಎಂದು ಯೋಚಿಸಿದರು.

ದಿಬ್ಬದ ಮೇಲೆ ಪ್ರಿನ್ಸಿಪಾಲ್ ಮೇಡಂ ಸುಮ್ಮನೆ ಕೂತಿರಲಿಲ್ಲ. ಒಬ್ಬ ತಜ್ಞನನ್ನು ಕರೆಸಿ ಇಡೀ ದಿನ ಛಾವಣಿ ಕುಟ್ಟಿಸಿದರು. ಸಿಕ್ಕಿದ್ದು ಒಂದು ಕಣಜದ ಗೂಡು; ಕಚ್ಚಿಸಿಕೊಂಡವನು ತಜ್ಞ. ಇಷ್ಟಾದರೂ ಜನ ನಂಬಲಿಲ್ಲ. ಕೊನೆಗೆ ಮೇಡಂ ಎಲ್ಲ ಪೋಷಕರನ್ನೂ ಶನಿವಾರ ನಾಲ್ಕು ಗಂಟೆಗೆ ಸಭೆಗೆ ಕರೆದರು. ಮೇಸ್ತ್ರಿಗಳಿಗೆ ಪ್ರತ್ಯೇಕ ಪತ್ರ ಬಂತು: ತಾವು ಕಂಡದ್ದನ್ನು ದಯವಿಟ್ಟು ಎಲ್ಲರ ಮುಂದೆ ಹೇಳಬೇಕು. ಸ್ಥಳ, ಏಳನೇ ಕೋಣೆ.

ಮೇಸ್ತ್ರಿಗಳು ಹೋದಾಗ ಕೋಣೆ ತುಂಬಿತ್ತು. ಒಬ್ಬೊಬ್ಬರೂ ಒಂದು ಕಣ್ಣು ಮೇಲಿಟ್ಟುಕೊಂಡೇ ಕೂತಿದ್ದರು. ಬಾಮೈದ ತಲೆಗೆ ಹೆಲ್ಮೆಟ್ ಹಾಕಿಕೊಂಡು ಬಾಗಿಲ ಪಕ್ಕ ಜಾಗ ಹಿಡಿದಿದ್ದ. ಮುಂದಿನ ಬೆಂಚಿನಲ್ಲಿ ಹೆಂಡತಿ, ಮಗಳು. ಮಗಳು ನಾಲ್ಕು ದಿನದಿಂದ ಅಪ್ಪನ ಜೊತೆ ಮಾತು ಬಿಟ್ಟಿದ್ದಳು. ಈಗಲೂ ಕಿಟಕಿಯ ಕಡೆ ಮುಖ ಮಾಡಿದ್ದಳು.

"ಇವರು ನಮ್ಮ ಕಾಲೇಜನ್ನ ಒಳಗಿನಿಂದ ಬಲ್ಲವರು," ಎಂದರು ಮೇಡಂ. "ಮೇಸ್ತ್ರಿಗಳೇ, ಸೋಮವಾರ ನೀವು ಏನು ನೋಡಿದ್ರಿ? ಸಂಕೋಚ ಬೇಡ. ಹೇಳಿ."

ಮೇಸ್ತ್ರಿಗಳು ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ತಡವಾಗಿ ಬಂದ ಬೇಕರಿಯವರು ಒಳಗೆ ನುಗ್ಗಿದರು. ಬೇಕರಿಯವರದ್ದು ತಮ್ಮ ಸರಕನ್ನು ತಾವೇ ಮೊದಲು ರುಚಿ ನೋಡಿ ಬೆಳೆಸಿದ ಶರೀರ. ಎಲ್ಲೂ ಜಾಗವಿರಲಿಲ್ಲ. ಎರಡನೇ ಸಾಲಿನಲ್ಲಿ ಆಗಲೇ ಐದು ಜನ ಕೂತಿದ್ದ ಬೆಂಚಿನವರು, ಬನ್ನಿ ಬನ್ನಿ ಎಂದು ಸರಿದು ಒಂದು ಗೇಣು ಜಾಗ ಮಾಡಿಕೊಟ್ಟರು. ಬೇಕರಿಯವರು ಅಲ್ಲಿ ಕೂರಲು ಬಗ್ಗಿದರು. ಮೇಸ್ತ್ರಿಗಳ ಕಣ್ಣು ಆ ಬೆಂಚಿನ ಕಾಲಿಗೆ ಅಂಟಿಕೊಂಡಿತು. ಹೇಳಬೇಕಾದ ಮಾತು ಮರೆತುಹೋಯಿತು. ಬೇಕರಿಯವರು ಇಳಿಯುತ್ತಲೇ ಇದ್ದರು. ಬೆಂಚು 'ಕಿರ್ರ್' ಎಂದಿತು.

"ಏಳಿ!" ಎಂದು ಮೇಸ್ತ್ರಿಗಳು ಕಿರುಚಿದರು. "ಎಲ್ಲಾ ಎದ್ದೇಳಿ! ಬೇಗ!"

ಮುಂದೆ ನಡೆದದ್ದನ್ನು ಸರಿಯಾಗಿ ಕಂಡವರು ಯಾರೂ ಇಲ್ಲ, ಯಾಕೆಂದರೆ ಎಲ್ಲರೂ ಓಡುತ್ತಿದ್ದರು. ಹೆಲ್ಮೆಟ್ಟಿನ ಬಾಮೈದ ಬಾಗಿಲಿನಿಂದಲೂ, ಬೇಕರಿಯವರು ಕಿಟಕಿಯಿಂದಲೂ ಪಾರಾದರು. ಬೇಕರಿಯವರು ಕಿಟಕಿಯಲ್ಲಿ ಹೇಗೆ ತೂರಿದರು ಎಂಬುದು ಇವತ್ತಿಗೂ ಇತ್ಯರ್ಥವಾಗಿಲ್ಲ. ಮೇಸ್ತ್ರಿಗಳ ಹೆಂಡತಿ ಮಗಳ ಕೈ ಹಿಡಿದಿದ್ದೇನೆ ಎಂದುಕೊಂಡು ಯಾರದೋ ಕೈಚೀಲ ಎಳೆದುಕೊಂಡು ಅಂಗಳ ಸೇರಿದಳು. ಪ್ರಿನ್ಸಿಪಾಲ್ ಮೇಡಂ ಮಾತ್ರ ಹುದ್ದೆಯ ಘನತೆ ಬಿಡದೆ ಕುರ್ಚಿಯಲ್ಲೇ ಕೂತಿದ್ದರು. ಹಾಜರಿ ಪುಸ್ತಕವನ್ನು ತಲೆಯ ಮೇಲೆ ಹಿಡಿದುಕೊಂಡಿದ್ದರು, ಅಷ್ಟೆ.

ಛಾವಣಿ ಬೀಳಲಿಲ್ಲ. ಮುಂದಿನ ಬೆಂಚಿನಲ್ಲಿ ಮಗಳು ಕೂತಲ್ಲೇ ಕೂತಿದ್ದಳು.

"ಅಪ್ಪಾ," ಎಂದಳು. ನಾಲ್ಕು ದಿನದ ಮೇಲೆ ಮೊದಲ ಮಾತು. "ನೀನು ಮೇಲೆ ನೋಡ್ಲೇ ಇಲ್ಲ. ಅವರ ಬೆಂಚು ನೋಡ್ತಾ ಇದ್ದೆ. ಛಾವಣಿಗೆ ಏನೂ ಆಗಿಲ್ಲ ಅಲ್ವಾ?"

"ಇಲ್ಲ."

"ಮತ್ತೆ?"

ಮೇಸ್ತ್ರಿಗಳು ಗೋಡೆಯ ಗಡಿಯಾರ ನೋಡಿದರು. ನಾಲ್ಕು ಮೂವತ್ತೈದು. ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಬಗ್ಗಿ ಎರಡನೇ ಸಾಲಿನ ಬೆಂಚನ್ನು ಮಗುಚಿ ಹಾಕಿದರು. ಅಡಿಯಲ್ಲಿ ಮೊಳೆಗಳು ಸಾಲಾಗಿ ಕಾಣುತ್ತಿದ್ದವು. ಅವುಗಳ ಪಕ್ಕದಲ್ಲೇ ಉಳಿಯಿಂದ ಕೊರೆದಿದ್ದ ಹೆಸರು: ಮೇಸ್ತ್ರಿಗಳದ್ದು.

"ಮೋಸದ ಕೆಲಸ ಕಣಮ್ಮ ಇದು. ನಲವತ್ತು ಬೆಂಚು ಹೀಗೇ ಮಾಡಿದ್ದೀನಿ. ಹಸಿ ಮರ, ಬರೀ ಮೊಳೆ."

"ನಾನು ಬೀಳ್ತೀನಿ ಅಂತ ಹೆದರಿದ್ಯಾ?"

ಮೇಸ್ತ್ರಿಗಳು ಹೌದು ಎಂದುಬಿಡಬಹುದಿತ್ತು. ಹಾಗೆಂದಿದ್ದರೆ ಮರ್ಯಾದೆಯೂ ಉಳಿಯುತ್ತಿತ್ತು. ಆದರೆ ಐದು ದಿನದಿಂದ ಸುಳ್ಳಿಗೆ ಸುಳ್ಳು ಜೋಡಿಸಿ ಅವರಿಗೆ ಸಾಕಾಗಿಹೋಗಿತ್ತು.

"ಬಿದ್ರೆ ಎದ್ದೇಳ್ತೀಯ ಬಿಡು. ಎದ್ದ ಮೇಲೆ ಬೆಂಚು ತಿರುಗಿಸಿ ನೋಡ್ತೀಯಲ್ಲ, ಅದಕ್ಕೆ ಹೆದರಿದ್ದೆ."

ಮಗಳು ಬಗ್ಗಿ ಆ ಮೊಳೆಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿ ನೋಡಿದಳು. ಕಿಟಕಿಯ ಹೊರಗೆ ಒಂದು ಇಡೀ ಊರು ಮಾತಾಡಲು ಕಾದಿತ್ತು.

"ಅಂದ್ರೆ ಛಾವಣಿ ಗಟ್ಟಿ ಇದೆಯಾ?" ಎಂದರು ಬೇಕರಿಯವರು ಮೂಗನ್ನು ಒಳಗೆ ತೂರಿಸಿ.

"ಗಟ್ಟಿ ಇದೆ."

"ಬೆಂಚು ಗಟ್ಟಿ ಇಲ್ವಾ?"

"ಇಲ್ಲ."

"ನಾನು ಅವತ್ತೇ ಅಂದ್ಕೊಂಡೆ," ಎಂದ ಬಾಮೈದ, ಹೆಲ್ಮೆಟ್ ತೆಗೆಯುತ್ತ.

ಆಗ ಬಾಗಿಲ ಬಳಿ ನಿಂತಿದ್ದ ಮುದುಕರೊಬ್ಬರು ನಗತೊಡಗಿದರು. ಅವರು ಕಾಲೇಜಿನ ಹಳೇ ಅಟೆಂಡರ್. ಮೂವತ್ತು ವರ್ಷದಿಂದ ಗಂಟೆ ಹೊಡೆದು, ಬೀಗ ಹಾಕಿ, ಬೆಂಚು ಎತ್ತಿಟ್ಟವರು.

"ಮೇಸ್ತ್ರಿಗಳೇ, ಇವು ಗಟ್ಟಿ ಇಲ್ಲ ಅಂದೋರು ಯಾರು? ಹದಿನೈದು ವರ್ಷದಿಂದ ಹುಡುಗರು ಇದರ ಮೇಲೆ ಕುಣಿದಿದ್ದಾರೆ. ಒಂದೂ ಅಲ್ಲಾಡಿಲ್ಲ. ಬಿದ್ದುಹೋದದ್ದು ಆ ಇನ್ನೊಂದು ಥರದವು. ಮೊಳೆ ಇಲ್ಲದವು."

ಮೇಸ್ತ್ರಿಗಳಿಗೆ ಕಿವಿ ಸರಿಯಾಗಿ ಕೇಳಿಸಲಿಲ್ಲ ಅನ್ನಿಸಿತು. "ಯಾವುದು? ಕೂಡುಗೆಲಸದ್ದಾ? ಎಂಬತ್ತು?"

"ಎಂಬತ್ತೂ. ಮರ ಒಣಗ್ತಾ ಒಣಗ್ತಾ ಕುಗ್ಗಿ, ನಾಲಿಗೆಗಳೆಲ್ಲ ಸಡಿಲ ಆಗಿ ಒಂದೊಂದೇ ಕಳಚಿಕೊಂಡ್ವು. ಎರಡನೇ ವರ್ಷಕ್ಕೆ ಒಂದೂ ಉಳೀಲಿಲ್ಲ. ಚಳಿಗೆ ಉರಿಸಿದ್ವಿ. ಚೆನ್ನಾಗಿ ಉರೀತು."

"ಅವು ನಾನು ಪ್ರಾಣ ಇಟ್ಟು ಮಾಡಿದ್ದು!" ಎಂದು ಮೇಸ್ತ್ರಿಗಳು ಕೂಗಿದರು. ತಪ್ಪೊಪ್ಪಿಗೆಯ ದನಿ ಎಲ್ಲಿ ಹೋಯಿತೋ. "ಒಂದೊಂದಕ್ಕೆ ಎರಡು ಮೂರು ಗಂಟೆ ಉಳಿ ಹಿಡಿದು ಕೂತಿದ್ದೀನಿ! ಒಂದಾದ್ರೂ ಉಳೀಲಿಲ್ವಾ? ಒಂದು?"

"ಒಂದರ ಕಾಲು ಇದೆ. ಅದರಲ್ಲೇ ನಾನು ಇಲಿ ಹೊಡೆಯೋದು."

ಹದಿನೈದು ವರ್ಷ ಹೆಮ್ಮೆಪಟ್ಟದ್ದು ಬೂದಿಯಾಗಿತ್ತು; ಹದಿನೈದು ವರ್ಷ ನಾಚಿಕೊಂಡದ್ದು ಕಲ್ಲಿನ ಹಾಗೆ ನಿಂತಿತ್ತು. ಈಗ ಯಾವುದಕ್ಕೆ ತಲೆ ತಗ್ಗಿಸಬೇಕು, ಯಾವುದಕ್ಕೆ ಎತ್ತಬೇಕು ಎಂದು ತಿಳಿಯದೆ ಮೇಸ್ತ್ರಿಗಳ ತಲೆ ಎರಡೂ ಕಡೆ ಆಡಿತು. ಅಂಗಳದಲ್ಲಿ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು, ಇನ್ನೊಂದು ಕೈಯಲ್ಲಿ ಯಾರದೋ ಕೈಚೀಲ.

"ಅಪ್ಪಾ, ಗಂಟೆ!" ಎಂದಳು ಮಗಳು. ನಾಲ್ಕು ಐವತ್ತು.

ಮೇಸ್ತ್ರಿಗಳು ಓಡಿದರು. ಅವರ ಹಿಂದೆ ಹದಿನೆಂಟು ಸಂಸಾರಗಳು ಓಡಿದವು. ಗುಮಾಸ್ತರು ಕನ್ನಡಕ ಹಣೆಗೇರಿಸಿ ಆಗಲೇ ಕಾಯುವ ಪಟ್ಟಿಗೆ ಪಿನ್ನು ಚುಚ್ಚುತ್ತಿದ್ದರು. "ವಾಪಸ್ಸಾ? ಕಾರಣ ಬರೀರಿ," ಎಂದರು. ಮೇಸ್ತ್ರಿಗಳು ಪೆನ್ನು ಕಿತ್ತುಕೊಂಡು ಬರೆದರು: ಬೆಂಚು ಮಾಡಿದವನು ನಾನು, ಅದನ್ನು ಒಪ್ಪಿಕೊಂಡಿದ್ದೇನೆ. ಗುಮಾಸ್ತರು ಎರಡು ಸಲ ಓದಿ, "ಇದು ಕಾರಣ" ಎಂದು ಮುದ್ರೆ ಒತ್ತಿದರು. ಉಳಿದ ಹದಿನೆಂಟು ಜನಕ್ಕೆ ಬರೆಯಲು ಬೇರೇನೂ ತೋಚಲಿಲ್ಲ. ಎಲ್ಲರೂ ಅದನ್ನೇ ನಕಲು ಮಾಡಿದರು. ಹೀಗಾಗಿ ಆ ಕಾಲೇಜಿನ ಕಡತದಲ್ಲಿ ಈಗಲೂ ನೂರಿಪ್ಪತ್ತು ಬೆಂಚುಗಳಿಗೆ ಹತ್ತೊಂಬತ್ತು ಜನ ಮೇಸ್ತ್ರಿಗಳಿದ್ದಾರೆ.

ಮರಳಿ ಬಂದಾಗ ಏಳನೇ ಕೋಣೆ ಖಾಲಿಯಾಗಿತ್ತು. ಮಗಳು ಮಗುಚಿದ ಬೆಂಚನ್ನು ಎತ್ತಿ ನಿಲ್ಲಿಸಿ, ಅದರ ಒಂದು ತುದಿಯಲ್ಲಿ ಕೂತಿದ್ದಳು.

"ಉಳೀತು," ಎಂದರು ಮೇಸ್ತ್ರಿಗಳು. "ಸೀಟು."

ಮಗಳು ಸರಿದು ಪಕ್ಕದಲ್ಲಿ ಜಾಗ ಮಾಡಿದಳು. ಆ ಬೆಂಚನ್ನು ಮಾಡಿ ಹದಿನೈದು ವರ್ಷವಾಗಿದ್ದರೂ ಮೇಸ್ತ್ರಿಗಳು ಅದರ ಮೇಲೆ ಒಂದು ಸಲವೂ ಕೂತಿರಲಿಲ್ಲ. ಒಂದು ಕೈಯನ್ನು ಮುಂದಿನ ಮೇಜಿಗೆ ಊರಿ, ಭಾರವನ್ನೆಲ್ಲ ಕಾಲಿನ ಮೇಲೆ ಹಿಡಿದುಕೊಂಡು, ಮೆಲ್ಲಗೆ ಅಂಚಿನಲ್ಲಿ ಕೂತ ಹಾಗೆ ಮಾಡಿದರು.

ಮಗಳು ಅವರ ಮೊಣಕಾಲು ನೋಡಿದಳು, ಊರಿದ ಕೈ ನೋಡಿದಳು.

"ಪೂರ್ತಿ ಕೂತ್ಕೋ ಅಪ್ಪಾ," ಎಂದಳು.

ಮೇಸ್ತ್ರಿಗಳು ಕೈ ತೆಗೆದು, ಪೂರ್ತಿ ಕೂತರು.